ಸಿಂಬೆ ಇಟ್ಟ ಕುರ್ಚಿ

ನಗಬಾರದು ಎಂದು ಎಷ್ಟು ಸಲ ಅಂದುಕೊಂಡರೂ ನಗು ಬರುತ್ತದೆ. ಇದು ಸಿಟ್ಟಿನ ಕಥೆ. ಹೊಟ್ಟೆ ಉರಿದ ಕಥೆ. ಆದರೆ ಹೇಳಲು ಬಾಯಿ ತೆರೆದ ಕೂಡಲೇ ಪುರಸಭೆ ಅಧ್ಯಕ್ಷರ ಕುರ್ಚಿ ಕಣ್ಣಿಗೆ ಕಟ್ಟುತ್ತದೆ. ಅದರ ಮೇಲೆ ನಮ್ಮತ್ತೆಯ ಸಿಂಬೆ ಕಾಣುತ್ತದೆ. ಅಲ್ಲಿಗೆ ನನ್ನ ಮಾತು ಮುಗಿಯಿತು. ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತೇನೆ. ಸ್ವಲ್ಪ ತಡೆಯಿರಿ, ಮೊದಲಿನಿಂದಲೇ ಹೇಳುತ್ತೇನೆ.

ನಾನು ವೈಜಯಂತಿ. ಮೀನು ಮಾರುವವಳು. ನಮ್ಮತ್ತೆ ಬೊಮ್ಮಿಯೂ ಮೀನು ಮಾರುವವಳು. ಊರು ಅಳ್ವೆಬಾಗ. ಕಾರವಾರದಿಂದ ಅಂಕೋಲೆಗೆ ಹೋಗುವಾಗ ಹೆದ್ದಾರಿಯ ಬದಿಗೆ ಸಿಗುತ್ತದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ತಪ್ಪಿಹೋಗುತ್ತದೆ. ಊರು ಸಣ್ಣದು, ಆದರೂ ಅದಕ್ಕೊಂದು ಪುರಸಭೆ ಇದೆ. ಪುರಸಭೆಗೆ ಎರಡಂತಸ್ತಿನ ಕಟ್ಟಡ ಇದೆ. ಅದರ ಕಂಪೌಂಡಿಗೆ ತಾಗಿ, ರಸ್ತೆಯ ಕಡೆಗೆ, ಒಂದು ಬಾದಾಮಿ ಮರ. ಆ ಮರದ ಬುಡದಲ್ಲಿ ನಾವು ಹದಿನೈದು ಹೆಂಗಸರು ಮೀನು ಇಟ್ಟುಕೊಂಡು ಕೂಡುತ್ತೇವೆ. ಅತ್ತೆ ಅಲ್ಲಿ ಮೊದಲು ಕೂತಾಗ ಪುರಸಭೆಯೂ ಇರಲಿಲ್ಲ, ಕಂಪೌಂಡೂ ಇರಲಿಲ್ಲ. ಮರವೇ ಅವಳ ಸೊಂಟದಷ್ಟು ಎತ್ತರ ಇತ್ತಂತೆ.

ಬೆಳಕು ಹರಿಯುವ ಹೊತ್ತಿಗೆ ನಾವು ಬೇಲೆಕೇರಿಯ ದಂಡೆಯಲ್ಲಿ ಇರಬೇಕು. ದೋಣಿ ಬಂದ ಮೇಲೆ ಕೂಗಾಟ, ಎಳೆದಾಟ. ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿ ತಲೆಗೇರಿಸಬೇಕು. ಬುಟ್ಟಿ ಸೋರುತ್ತದೆ. ನೀರು ಕಿವಿಯ ಹಿಂದೆ ಇಳಿಯುತ್ತದೆ, ಕುತ್ತಿಗೆಗೆ ಇಳಿಯುತ್ತದೆ, ರವಿಕೆಯ ಒಳಗೆ ಇಳಿಯುತ್ತದೆ. ಉಪ್ಪು ನೀರು. ಕಣ್ಣಿಗೆ ಬಿದ್ದರೆ ಒರೆಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಟೆಂಪೋದವನಿಗೆ ಮನಸ್ಸಿದ್ದರೆ ಹತ್ತಿಸಿಕೊಳ್ಳುತ್ತಾನೆ. ಇಲ್ಲದಿದ್ದರೆ ನಡಿಗೆ. ಆ ವರ್ಷಗಳಲ್ಲಿ ರಸ್ತೆಯ ತುಂಬ ಅದಿರಿನ ಲಾರಿಗಳು, ಒಂದರ ಬೆನ್ನಿಗೆ ಇನ್ನೊಂದು. ಕೆಂಪು ಧೂಳು. ಮನೆಯಿಂದ ಹೊರಟಾಗ ನಮಗೊಂದು ಬಣ್ಣ, ಪೇಟೆ ಮುಟ್ಟಿದಾಗ ಇನ್ನೊಂದು ಬಣ್ಣ. ಬುಟ್ಟಿ ಹೊತ್ತು ಹೊತ್ತು ನಮ್ಮೆಲ್ಲರ ನೆತ್ತಿ ಅಂಗೈ ಅಗಲ ಬೋಳು. ನನಗೂ ಮದುವೆಯಲ್ಲಿ ಸೊಂಟದ ತನಕ ಜಡೆ ಇತ್ತು. ಹೇಳಿದರೆ ಮಗಳು ನಂಬುವುದಿಲ್ಲ.

ಆ ಬೋಳು ನೆತ್ತಿಗೂ ಬುಟ್ಟಿಗೂ ನಡುವೆ ಇರುವುದೇ ಸಿಂಬೆ. ಹಳೆ ಸೀರೆ ಹರಿದು, ಹೊಸೆದು, ಬಳೆಯ ಹಾಗೆ ಸುತ್ತಿದ್ದು. ನೋಡಿದರೆ ಚಿಂದಿ. ಆದರೆ ನಮ್ಮಲ್ಲಿ ಅದಕ್ಕೊಂದು ಕಟ್ಟಳೆ ಇದೆ. ಎದ್ದು ಹೋಗುವಾಗ ಜಾಗದ ಮೇಲೆ ಸಿಂಬೆ ಇಟ್ಟು ಹೋದರೆ ಆ ಜಾಗ ನಿನ್ನದು. ಬುಟ್ಟಿ ಇಟ್ಟರೆ ಸರಿಸುತ್ತಾರೆ, ಕಲ್ಲು ಇಟ್ಟರೆ ಒದೆಯುತ್ತಾರೆ. ಸಿಂಬೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಜಡೆ ಹಿಡಿದು ಜಗಳ ಮಾಡಿದವಳೂ ಮುಟ್ಟುವುದಿಲ್ಲ. ಸೊಸೆ ಕೂಡ ಅತ್ತೆಯ ಸಿಂಬೆ ಎತ್ತುವಂತಿಲ್ಲ. ಅದನ್ನು ಬೇರೆಯವರು ಎತ್ತುವುದು ಒಂದೇ ಸಲ. ಇಟ್ಟವಳು ಸತ್ತಾಗ. ಅವಳು ಸಾಕಿದ ಮಕ್ಕಳು ಎರಡೂ ಕೈಯಲ್ಲಿ ಎತ್ತಿ ಸಮುದ್ರಕ್ಕೆ ಬಿಡುತ್ತಾರೆ. ಎತ್ತುವಾಗ ಉಳಿದ ಹೆಂಗಸರು ಎದೆ ಬಡಿದುಕೊಂಡು ಅಳಬೇಕು. ಅತ್ತರೇ ಜಾಗ ಖಾಲಿ.

ರಾಮಾ ಹಾಗೆ ತನ್ನ ತಾಯಿಯ ಸಿಂಬೆ ಎತ್ತಿದ್ದನ್ನು ನಾನು ನೋಡಿದ್ದೇನೆ. ಅವನ ತಾಯಿ ನಾಗು, ನಮ್ಮತ್ತೆಯ ಪಕ್ಕದಲ್ಲೇ ಕೂಡುತ್ತಿದ್ದಳು. ಬಸ್ಸಿನ ಒಳಗೆ ಮೀನು ಬುಟ್ಟಿ ತರಬೇಡ ಎಂದು ಕಂಡಕ್ಟರ್ ಬೈದದ್ದಕ್ಕೆ ಏಣಿ ಹತ್ತಿ ಟಾಪಿನ ಮೇಲೆ ಇಟ್ಟಳು. ಇಳಿಸುವಾಗ ಕಾಲು ಜಾರಿತು. ಅಷ್ಟೆ. ರಾಮಾನಿಗೆ ಆಗ ಮೀಸೆ ಮೂಡಿರಲಿಲ್ಲ. ಸಿಂಬೆ ಎತ್ತಿ, ತಲೆ ಬೋಳಿಸಿಕೊಂಡು, ನಮ್ಮತ್ತೆಯ ತೊಡೆಯ ಮೇಲೆ ಮಲಗಿ ಅತ್ತ. ಅಲ್ಲಿಂದ ಮುಂದೆ ಅವನಿಗೆ ನಮ್ಮ ಮನೆಯಲ್ಲೇ ಊಟ. ಅತ್ತೆಯನ್ನು ದೊಡ್ಡಾಯಿ ಎನ್ನುತ್ತಾನೆ. ಪುರಸಭೆಯ ಚುನಾವಣೆಗೆ ನಿಂತಾಗಲೂ ಮರದ ಬುಡಕ್ಕೆ ಬಂದು ಅವಳ ಕಾಲಿಗೆ ಬಿದ್ದ.

"ದೊಡ್ಡಾಯಿ, ಗೆದ್ದರೆ ಇಲ್ಲಿಗೆ ತಗಡು ಹಾಕಸ್ತೆ. ಮಳೆಗಾಲದಾಗೆ ನೀವು ನೆನೀಬಾರ್ದು."

ಹದಿನೈದೂ ಮನೆಯ ಮತ ಅವನಿಗೇ ಬಿತ್ತು. ಗೆದ್ದ. ತಗಡು ಬರಲಿಲ್ಲ. ಠರಾವು ಬಂತು.

ಅಧ್ಯಕ್ಷರು ತುಳಸಿದಾಸ. ಸಿಮೆಂಟು ಅಂಗಡಿಯ ತುಳಸಿದಾಸ. ಅವರ ಮನೆಯ ಹಿಂಬಾಗಿಲಿಗೆ ಪಾಪ್ಲೆಟ್ ಮೀನು ಕೊಟ್ಟು ಕೊಟ್ಟು ಅತ್ತೆಯ ಕಾಲು ಸವೆದಿದೆ. ಅವರೇ ಮಂಡಿಸಿದ ಠರಾವು ಹೀಗಿತ್ತು: ಪೇಟೆ ಸುಂದರವಾಗಬೇಕು. ಬಸ್ ಸ್ಟ್ಯಾಂಡಿನಿಂದ ಪುರಸಭೆಯ ತನಕ ಮೀನು ಮಾರಬಾರದು, ಮೀನಿನ ಬುಟ್ಟಿ ಹೊತ್ತು ನಡೆಯಲೂಬಾರದು. ಅದಿರಿನ ಲಾರಿ ಓಡಬಹುದು, ಊರೆಲ್ಲ ಕೆಮ್ಮಬಹುದು, ಬುಟ್ಟಿ ಮಾತ್ರ ಕೂಡದು. ನಮಗೆ ಹೊಸ ಮಾರುಕಟ್ಟೆ ಕಟ್ಟಿಸಿದ್ದಾರಂತೆ. ಎಲ್ಲಿ? ಊರ ಹೊರಗೆ, ಪುರಸಭೆಯ ಕಸ ಸುರಿಯುವ ಗುಡ್ಡದ ಬುಡದಲ್ಲಿ.

ನೋಡಲು ಹೋದೆವು. ಕಟ್ಟೆಗಳು ನಮ್ಮ ಎದೆಯಷ್ಟು ಎತ್ತರ. ನಾವು ಕಾಲು ಮಡಚಿ ನೆಲದಲ್ಲಿ ಕೂತು, ಕತ್ತಿಯನ್ನು ಪಾದದಲ್ಲಿ ಒತ್ತಿ ಮೀನು ಹೆಚ್ಚುವವರು. ನಮ್ಮಲ್ಲಿ ಬಾಯಿ ಜೋರು ಎಂದರೆ ದಮಯಂತಿ. ಅವಳನ್ನು ಇಬ್ಬರು ಎತ್ತಿ ಕಟ್ಟೆಯ ಮೇಲೆ ಹತ್ತಿಸಿದೆವು. ಅವಳು ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟಳು.

"ಇಲ್ಲಿ ಮೀನು ಮಾರೂದಾ, ಭಾಷಣ ಮಾಡೂದಾ?"

ಅಲ್ಲಿದ್ದ ಗಿರಾಕಿಗಳೆಂದರೆ ನಾಯಿಗಳು ಮತ್ತು ಗಿಡುಗಗಳು. ನಾಯಿಗಳು ಬಾಲ ಆಡಿಸಿದವು.

ಮಾರುಕಟ್ಟೆಗೊಂದು ಸಮಿತಿ ಬೇಕಲ್ಲ. ಸಭೆ ಐದು ಜನರನ್ನು ನೇಮಿಸಿತು. ಒಬ್ಬ ಕಾಂಟ್ರಾಕ್ಟರ್. ಒಬ್ಬ ಅವನ ಭಾವ. ಒಬ್ಬ ಲಾರಿ ಮಾಲೀಕ. ಇನ್ನೊಬ್ಬನಿಗೆ ಮೀನು ಮುಟ್ಟಿದರೆ ಮೈಯೆಲ್ಲ ದದ್ದು ಏಳುತ್ತದೆ, ಇದು ಊರಿಗೇ ಗೊತ್ತು. ಬುಟ್ಟಿ ಹೊತ್ತವರು ಒಬ್ಬರೂ ಇಲ್ಲ. ಸಮಿತಿಯ ಅಧ್ಯಕ್ಷ ಯಾರು? ನಮ್ಮ ರಾಮಾ. ಠರಾವಿಗೆ ಕೈ ಎತ್ತಿದ್ದಕ್ಕೆ ಸಿಕ್ಕ ಉಡುಗೊರೆ. ಅವನ ಮನೆಯ ಮುಂದೆ ಹಸಿರು ಬೋರ್ಡು ನೇತಾಡಿತು. ಅತ್ತೆ ಓದಲು ಬಾರದಿದ್ದರೂ ಆ ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ನೋಡಿದಳು.

"ಅಕ್ಷರ ದಪ್ಪ ಅದೆ. ತಗಡೂ ಚಲೋದು ಅದೆ. ನಮಗೆ ಹಾಕಸ್ತೆ ಅಂದ ತಗಡು ಇದೇ ಆಗಿರಬೇಕು" ಎಂದಳು.

ಠರಾವು ಇನ್ನೂ ಖಾಯಂ ಆಗಿರಲಿಲ್ಲ. ಜನರ ಆಕ್ಷೇಪಣೆ ಕೇಳಿ, ಮುಂದಿನ ಸಭೆಯಲ್ಲಿ ಇನ್ನೊಮ್ಮೆ ಒಪ್ಪಬೇಕಿತ್ತು. ಪುರಸಭೆಯ ಟ್ರ್ಯಾಕ್ಟರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಬೆಳಿಗ್ಗೆ ಬಂತು. ತಕ್ಕಡಿಗಳನ್ನು ಎಸೆದರು. ಕತ್ತಿಗಳನ್ನು ಎಸೆದರು. ಕೊನೆಗೆ ಒಬ್ಬ ಡಬ್ಬಿಯ ಮುಚ್ಚಳ ತೆಗೆದು ಬುಟ್ಟಿಗಳ ಮೇಲೆ ಫಿನಾಯಿಲ್ ಸುರಿಯುತ್ತ ಬಂದ. ಅತ್ತೆ ತನ್ನ ಬುಟ್ಟಿಯ ಮೇಲೆ ಕವುಚಿ ಮಲಗಿದಳು. ಸುರಿಯುವ ಕೈ ನಿಲ್ಲಲಿಲ್ಲ. ಅವಳ ಬೆನ್ನ ಮೇಲೆ ಸುರಿದ. ಬೋಳು ನೆತ್ತಿಯ ಮೇಲೆ ಸುರಿದ. ಅದು ಬೆಳ್ಳಗೆ ಹರಿದು ಅವಳ ಮೈಯಡಿಯ ಬಂಗಡೆಗಳಿಗೆ ಇಳಿಯಿತು. ರಸ್ತೆಯ ಆಚೆ ರಾಮಾ ನಿಂತಿದ್ದ. ಮೊಬೈಲ್ ಕಿವಿಗೆ ಇಟ್ಟುಕೊಂಡು ಬೆನ್ನು ತಿರುಗಿಸಿದ.

ಆ ದಿನ ಅತ್ತೆಯ ಬೆನ್ನನ್ನು ನಾನೇ ತಿಕ್ಕಿದೆ. ಚರ್ಮ ಕೆಂಪಾಗಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ವಾಸನೆ ಹೋಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಬೆನ್ನು ಬಾಗಿಸಿ ಕೂತೇ ಹೇಳಿದಳು.

"ಅಳಬೇಡ್ವೇ ತಂಗಿ. ಇನ್ನು ಸಾಯೂ ತನಕ ನಂಗೆ ಹೇನಿನ ಕಾಟ ಇಲ್ಲಾ."

ಅಳುತ್ತ ಅಳುತ್ತ ನಗು ಬಂತು. ಅದೇ ನಮ್ಮ ರೋಗ.

ಆಮೇಲೆ ನೋಟೀಸು ಬಂತು. ಬಾದಾಮಿ ಮರಕ್ಕೇ ಮೊಳೆ ಹೊಡೆದು ಸಿಕ್ಕಿಸಿದರು. ಆಕ್ಷೇಪಣೆ ಇದ್ದವರು ಸಭೆಗೆ ಬಂದು ಹೇಳಬಹುದು, ಬಾರದಿದ್ದರೆ ಒಪ್ಪಿಗೆ ಇದೆಯೆಂದು ತಿಳಿಯಲಾಗುವುದು. ಹೊತ್ತು ಬೆಳಗಿನ ಹತ್ತೂವರೆ. ಮೀನು ಮಾರುವವರು ಜಾಗ ಬಿಟ್ಟು ಏಳಲಾರದ ಹೊತ್ತು. ಅದಕ್ಕೇ ಆ ಹೊತ್ತು ಇಟ್ಟಿದ್ದರು. ನಾವು ಬರುವುದಿಲ್ಲ ಎಂದೇ ಅವರ ಲೆಕ್ಕ.

"ಹೋಪಾ" ಎಂದಳು ಅತ್ತೆ.

ಹೊರಟೆವು. ಹದಿನೈದೂ ಜನ. ಬುಟ್ಟಿಗಳನ್ನು ಗೇಟಿನಲ್ಲೇ ಬಿಡಬೇಕು ಎಂದರು, ಬಿಟ್ಟೆವು. ಚಪ್ಪಲಿ ಇರಲೇ ಇಲ್ಲ. ಸಿಂಬೆಗಳನ್ನು ಕೈಯಲ್ಲಿ ಹಿಡಿದುಕೊಂಡೆವು. ಸಿಂಬೆಯನ್ನು ಬುಟ್ಟಿಯ ಜೊತೆ ಬಿಟ್ಟು ಬರುವ ರೂಢಿ ನಮಗಿಲ್ಲ. ಮೆಟ್ಟಿಲು ಹತ್ತಿ ಸಭೆಯ ಕೋಣೆಗೆ ಹೋದರೆ ಅಲ್ಲಿ ಯಾರೂ ಇಲ್ಲ. ಸದಸ್ಯರೆಲ್ಲ ಪಕ್ಕದ ಕೋಣೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದರು. ಚಟ್ನಿಯ ವಾಸನೆ ಬರುತ್ತಿತ್ತು.

ಉದ್ದನೆಯ ಮೇಜು. ಸುತ್ತ ಮೆತ್ತನೆಯ ಕುರ್ಚಿಗಳು. ಮೇಜಿನ ತಲೆಯಲ್ಲಿ, ಫ್ಯಾನಿನ ಕೆಳಗೆ, ಎತ್ತರದ ಬೆನ್ನಿನ ಒಂದು ಕುರ್ಚಿ. ಅದಕ್ಕೆ ಬಿಳಿ ಟರ್ಕಿ ಟವೆಲ್ ಹೊದೆಸಿತ್ತು. ನಮಗೆ ಒಂದು ಬೆಂಚೂ ಇರಲಿಲ್ಲ. ಗೋಡೆಗೆ ತಾಗಿ ನಿಂತೆವು. ಅತ್ತೆಯ ಮೊಣಕಾಲು ಊದಿತ್ತು. ಅದರ ಮೇಲೆ ಅವಳಿಗೆ ಅವಸರ ಆಯಿತು. ಬೆಳಗಿನ ಜಾವದಿಂದ ತಡೆದುಕೊಂಡಿದ್ದಳು. ಮೀನು ಮಾರುವ ಹೆಂಗಸರಿಗೆ ಪೇಟೆಯಲ್ಲಿ ಒಂದು ಮೋರಿ ಮರೆಯನ್ನೂ ಯಾವ ಪುರಸಭೆಯೂ ಕಟ್ಟಿಸಿಲ್ಲ.

"ಹಿಂದೆ ಹೋಗಿ ಬತ್ತೆ" ಎಂದಳು.

ಹೊರಟವಳು ಎರಡು ಹೆಜ್ಜೆ ಹಿಂದೆ ಬಂದಳು. ಎದ್ದು ಹೋಗುವಾಗ ಏನು ಮಾಡಬೇಕು? ಜಾಗ ಹಿಡಿದು ಹೋಗಬೇಕು. ಕೈ ತಾನಾಗಿಯೇ ಆ ಕೆಲಸ ಮಾಡಿತು. ಸುತ್ತ ನೋಡಿದಳು. ಎದುರಿಗೆ, ಗಾಳಿ ಬರುವ ಕಡೆ, ಒಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಸಿಂಬೆ ಇಟ್ಟಳು. ಅಂಗೈಯಿಂದ ಒಮ್ಮೆ ಒತ್ತಿ ಕೂರಿಸಿದಳು. ಹೊರಟುಹೋದಳು.

ಬಿಳಿ ಟವೆಲಿನ ಮೇಲೆ ಒದ್ದೆ ಸಿಂಬೆ. ಸುತ್ತಲೂ ತಾರ್ಲೆ ಮೀನಿನ ನೀರು ಮೆಲ್ಲಗೆ ಹರಡಿತು.

ಓಡಿ ತೆಗೆಯೋಣ ಎಂದು ಒಂದು ಹೆಜ್ಜೆ ಇಟ್ಟೆ. ದಮಯಂತಿ ನನ್ನ ರಟ್ಟೆ ಹಿಡಿದಳು.

"ಮುಟ್ಬೇಡ್ವೇ! ನಿನ್ನತ್ತೆ ಬದುಕಿ ಅವ್ಳೆ!"

ಹೌದಲ್ಲ. ಮುಟ್ಟುವಂತಿಲ್ಲ. ಮುಟ್ಟಿದರೆ ಅತ್ತೆಯನ್ನು ಕೊಂದ ಸೊಸೆ ಆಗುತ್ತೇನೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರದೋ ಮೂಗಿನಿಂದ ಮೊದಲು ಬುಸ್ ಎಂದಿತು. ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಸದ್ದು ಬಾರದ ಹಾಗೆ ನಕ್ಕೆವು. ಸದ್ದಿಲ್ಲದೆ ನಕ್ಕರೆ ನಗು ಇನ್ನೂ ಜೋರಾಗುತ್ತದೆ. ಒಬ್ಬಳು ನೆಲಕ್ಕೇ ಕೂತಳು.

ಅಷ್ಟರಲ್ಲಿ ದಮಯಂತಿ ನಗು ನಿಲ್ಲಿಸಿದಳು. ತನ್ನ ಸಿಂಬೆಯನ್ನು ನೋಡಿದಳು. ಅಧ್ಯಕ್ಷರ ಬಲಗಡೆಯ ಕುರ್ಚಿಯನ್ನು ನೋಡಿದಳು.

"ಒಂದು ಸಿಂಬೆಗೆ ಫಿನಾಯ್ಲು ಹೊಯ್ತಾರಾದ್ರೆ ಹದಿನೈದಕ್ಕೂ ಹೊಯ್ಲಿ. ಇಡ್ರೇ!"

ಇಟ್ಟೆವು. ಅಲ್ಲಿಯ ತನಕ ಅದು ತಪ್ಪಾಗಿತ್ತು. ಅಲ್ಲಿಂದ ಮುಂದೆ ತಪ್ಪಾಗಿರಲಿಲ್ಲ. ನಾನು ಇಟ್ಟದ್ದು ಮುಖ್ಯಾಧಿಕಾರಿಯ ಕುರ್ಚಿಯ ಮೇಲೆ. ಅತ್ತೆಯ ಹಾಗೆಯೇ ಅಂಗೈಯಿಂದ ಒಮ್ಮೆ ಒತ್ತಿದೆ. ಕುರ್ಚಿಗಳು ಮುಗಿದರೂ ಒಂದು ಸಿಂಬೆ ಉಳಿಯಿತು. ಅದನ್ನು ಮೇಜಿನ ಮೇಲಿದ್ದ ಕರೆಗಂಟೆಯ ಮೇಲೆ ಕೂರಿಸಿದೆವು. ಪೇಟ ಸುತ್ತಿದ ಹಾಗೆ ಚಂದ ಕಂಡಿತು.

ಅತ್ತೆ ಸೀರೆ ಸರಿಮಾಡಿಕೊಳ್ಳುತ್ತ ಒಳಗೆ ಬಂದಳು. ಹಿಂದೆಯೇ ಸದಸ್ಯರು ಬಂದರು, ಬಾಯಿ ಒರೆಸಿಕೊಳ್ಳುತ್ತ. ಮುಂದೆ ತುಳಸಿದಾಸ. ಬಿಳಿ ಶರ್ಟು. ಕುರ್ಚಿಯ ತನಕ ಬಂದವರು ಹಾವು ಕಂಡವರ ಹಾಗೆ ನಿಂತರು.

"ಎಂಥದ್ದು ಇದು?"

"ಸಿಂಬೆ" ಎಂದಳು ಅತ್ತೆ. "ನಂದು."

"ಅರೇ ಬೊಮ್ಮಿ, ಇದು ನಿನ್ನ ಮೀನುಪೇಟೆ ಅಲ್ಲ. ಇದು ಅಧ್ಯಕ್ಷರ ಕುರ್ಚಿ."

ಅತ್ತೆ ನಿಜವಾಗಿಯೂ ಬೆಚ್ಚಿದಳು. ಸುತ್ತ ನೋಡಿದಳು. ಎಲ್ಲ ಕುರ್ಚಿಗಳ ಮೇಲೂ ಸಿಂಬೆ ಕಂಡಳು, ನಮ್ಮ ಮುಖ ಕಂಡಳು. ಅವಳ ಬಾಯಿಯ ತುದಿ ಮೆಲ್ಲಗೆ ಮೇಲೆ ಹೋಯಿತು.

"ಹೌದ್ರಾ? ನಂಗೆ ಗೊತ್ತಾಗ್ಲಿಲ್ಲ ಸಾಯೇಬ್ರೆ. ಬಿಟ್ಟ ಜಾಗ ಕಂಡ್ತು, ಇಟ್ಟೆ. ಈಗ ಇಟ್ಟಾಗದೆ."

"ಇಟ್ಟಾದರೆ ತೆಗಿ!"

"ತೆಗೂದು ಎಂತಕೆ? ನಮ್ಮ ಮಾತು ಇನ್ನೂ ಆಗಲಿಲ್ಲಲ್ಲ. ಜಾಗ ಬಿಟ್ಟು ಮಾತಾಡೂದು ಹೆಂಗೆ?"

ತುಳಸಿದಾಸರ ಮುಖ ಕೆಂಪೇರಿತು. ಕೈಯಿಂದ ಮುಟ್ಟಲು ಅವರಿಗೆ ಮನಸ್ಸಿಲ್ಲ. ನಮ್ಮ ತಲೆಯ ಮೇಲಿದ್ದದ್ದಲ್ಲವೆ? ಮೇಜಿನ ಮೇಲಿನ ರೂಲರ್ ತೆಗೆದುಕೊಂಡರು. ಅದನ್ನು ಸಿಂಬೆಯ ತೂತಿಗೆ ತೂರಿಸಿ, ಮೂಗು ಸೊಟ್ಟ ಮಾಡಿ, ಮೇಲೆ ಎತ್ತಿದರು.

"ಅಯ್ಯಯ್ಯೋ ಬೊಮ್ಮಕ್ಕಾ, ಹೋದ್ಯಲೇ!"

ಕೂಗಿದ್ದು ದಮಯಂತಿ. ಎರಡೂ ಕೈಯಲ್ಲಿ ಎದೆ ಬಡಿದುಕೊಂಡಳು. ಸಿಂಬೆ ಎತ್ತಿದರೆ ಅಳಬೇಕು, ಅದು ಕಟ್ಟಳೆ. ನಾವೆಲ್ಲ ಶುರು ಮಾಡಿದೆವು.

"ಬಂಗಡೆ ಆಯ್ದು ಕೊಡ್ತಿದ್ಯಲೇ!"

"ತೂಕದಾಗೆ ಮೋಸ ಮಾಡ್ಲಿಲ್ಲಲೇ!"

"ಸ್ವಲ್ಪ ಮಾಡ್ತಿದ್ಯಲೇ!"

ಇದಕ್ಕೆ ನಮ್ಮ ಅಳು ನಗುವಾಗಿ, ನಗು ಮತ್ತೆ ಅಳುವಾಗಿ, ಯಾವುದು ಯಾವುದೆಂದು ನಮಗೇ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. ಅತ್ತೆಯೂ ಸೇರಿಕೊಂಡಳು. ತನ್ನ ಹೆಣಕ್ಕೆ ತಾನೇ ಅತ್ತಳು, ಎಲ್ಲರಿಗಿಂತ ಇಂಪಾಗಿ. ತುಳಸಿದಾಸ ಗಾಬರಿಯಾಗಿ ಹಿಂದೆ ಸರಿದಾಗ ರೂಲರ್ ವಾಲಿತು. ಸಿಂಬೆ ಜಾರಿ ಮತ್ತೆ ಅದೇ ಕುರ್ಚಿಗೆ ಬಿತ್ತು. ತಕ್ಷಣ ನಾವು ಸುಮ್ಮನಾದೆವು. ಬದುಕಿದಳಲ್ಲ.

ಅವರು ಇನ್ನೊಮ್ಮೆ ಎತ್ತಿದರು. ನಾವು ಇನ್ನೊಮ್ಮೆ ಅತ್ತೆವು. ಬಿಟ್ಟರು, ನಿಲ್ಲಿಸಿದೆವು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಜನ ಕೆಳಗೆ ಸೇರಿದ್ದರು. ಯಾರು ಸತ್ತದ್ದು, ಯಾರು ಸತ್ತದ್ದು ಎಂದು ಕೂಗು. ಅತ್ತೆ ಕಿಟಕಿಯಲ್ಲಿ ತಲೆ ಹಾಕಿದಳು.

"ನಾನೇ!"

ಕೆಳಗೆ ಶಿಳ್ಳೆ ಬಿತ್ತು. ಹೂವಿನವಳು ಸುದ್ದಿ ಪೂರ್ತಿ ಕೇಳದೆ ಅಬ್ಬಲಿಗೆ ಮಾಲೆ ಹಿಡಿದು ಅಳುತ್ತ ಮೇಲೆ ಓಡಿಬಂದಳು. ಸತ್ತವಳು ಎದುರಿಗೆ ನಿಂತು ಕೈ ಚಾಚಿದಾಗ ಅವಳು ಮಾಲೆ ಕೊಟ್ಟು, ಅಲ್ಲೇ ಕೂತು, ಬೈದಳು. ಅತ್ತೆ ಆ ಮಾಲೆಯನ್ನು ತನ್ನ ಸಿಂಬೆಗೆ ಸುತ್ತಿದಳು. ಪೊಲೀಸರಿಗೆ ಫೋನು ಹೋಯಿತು. ಇಬ್ಬರು ಬಂದರು. ಏನೆಂದು ಕೇಸು ಬರೆಯೋಣ ಎಂದು ಕೇಳಿದರು. ಕುರ್ಚಿಯ ಮೇಲೆ ಬಟ್ಟೆಯ ಸುರುಳಿ ಇದೆ ಎಂದು ಬರೆದುಕೊಡಲು ಮುಖ್ಯಾಧಿಕಾರಿಗೆ ಧೈರ್ಯ ಬರಲಿಲ್ಲ. ಪೊಲೀಸರು ಬಾಗಿಲಲ್ಲಿ ನಿಂತು ಮೀಸೆಯಡಿ ನಕ್ಕರು.

ಆಗ ತುಳಸಿದಾಸ ತಿರುಗಿ ನೋಡಿದರು.

"ರಾಮಾ! ನೀನು ಸಮಿತಿ ಅಧ್ಯಕ್ಷ. ನಿನ್ನ ಜನ. ನೀನೇ ಎತ್ತು. ಎತ್ತಿ ಹೊರಗೆ ಹಾಕು."

ನಮ್ಮ ನಗು ಅಲ್ಲಿಗೇ ನಿಂತಿತು. ತುಳಸಿದಾಸ ಎತ್ತಿದರೆ ಅದು ಆಟ. ರಾಮಾ ಎತ್ತಿದರೆ ಆಟ ಅಲ್ಲ. ಅವನು ಅತ್ತೆಯ ಕೈಯಲ್ಲಿ ಉಂಡು ಬೆಳೆದವನು. ಅವನು ಎತ್ತಿದರೆ ಜಾಗ ಖಾಲಿ. ಈ ಕುರ್ಚಿಯ ಮಾತಲ್ಲ, ಬಾದಾಮಿ ಮರದ ಬುಡವೂ ಖಾಲಿ. ಮಾರನೇ ದಿನ ಅತ್ತೆ ಯಾವ ಮುಖದಲ್ಲಿ ಅಲ್ಲಿ ಕೂಡುತ್ತಾಳೆ? ಅವಳಿಗೆ ಬೇರೆ ಎಲ್ಲಿ ಜಾಗ ಇದೆ? ಇದು ತುಳಸಿದಾಸರಿಗೆ ಗೊತ್ತಿರಲಿಲ್ಲ. ರಾಮಾನಿಗೆ ಗೊತ್ತಿತ್ತು.

ಅವನು ಮುಂದೆ ಬಂದ. ಇಸ್ತ್ರಿ ಮಾಡಿದ ಶರ್ಟು. ಎಣ್ಣೆ ಹಚ್ಚಿ ಬಾಚಿದ ತಲೆ. ಕುರ್ಚಿಯ ಎದುರು ನಿಂತು ಎರಡೂ ಕೈ ಮುಂದೆ ಮಾಡಿದ. ಎರಡೂ ಕೈ. ಸತ್ತವಳ ಸಿಂಬೆ ಎತ್ತುವ ಹಾಗೆ.

ಅತ್ತೆ ಅವನ ಪಕ್ಕಕ್ಕೆ ಹೋಗಿ ನಿಂತಳು. ಬೈಯಲಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲೇ ಮಾತಾಡಿದಳು.

"ಎತ್ತು ಮಗನೇ. ನಾಗೂದು ಎತ್ತಿದ್ಯಲ, ನಿಂಗೆ ಗೊತ್ತದೆ. ನಿಧಾನ ಎತ್ತು, ಹೂವು ಬೀಳ್ತದೆ. ಎತ್ತಿ ಸಮುದ್ರಕ್ಕೆ ಬಿಡು. ಆ ಮೇಲೆ ತಲೆ ಬೋಳಸ್ಕ. ಕ್ಷೌರದವ ಎದುರಿಗೇ ಅವ್ನೆ."

ರಾಮಾನ ಒಂದು ಕೈ ಅವನಿಗೇ ತಿಳಿಯದೆ ತಲೆಗೆ ಹೋಯಿತು. ಪೊಲೀಸರಲ್ಲಿ ಒಬ್ಬ ಕಿಸಕ್ಕೆಂದ. ಸದಸ್ಯರಲ್ಲಿ ಇಬ್ಬರು ಮುಖ ತಿರುಗಿಸಿಕೊಂಡರು, ಭುಜ ಕುಲುಕುತ್ತಿತ್ತು. ಅತ್ತೆ ನಗಲಿಲ್ಲ.

"ಅವತ್ತು ಫಿನಾಯ್ಲು ಬಿದ್ದಾಗ ನೀ ಆಚೆ ನಿಂತಿದ್ದೆ. ನಾ ನೋಡ್ದೆ. ಅವತ್ತೇ ನಾ ಸತ್ತೆ ಅಂತ ನಿಂಗೆ ಅನ್ನಿಸಿದ್ರೆ ಇವತ್ತು ಎತ್ತು."

ಅವನ ಕೈಗಳು ಸಿಂಬೆಯ ಮೇಲೆ ಹಾಗೇ ನಿಂತವು. ಮುಟ್ಟಲಿಲ್ಲ. ಹಿಂದೆ ಬಂದವು. ಅವುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡ.

"ನಂಗೆ ಆಗೂದಿಲ್ಲ ಸಾಯೇಬ್ರೆ" ಎಂದ.

"ಯಾಕೆ ಆಗೋದಿಲ್ಲ?"

"ಬದುಕಿ ಅವ್ಳೆ."

"ಸಮಿತಿಯಿಂದ ತೆಗೀಬೇಕಾಗ್ತದೆ ರಾಮಾ!"

"ತೆಗೀರಿ. ಇದನ್ನ ಮಾತ್ರ ತೆಗೂಕೆ ಆಗೂದಿಲ್ಲ."

ಇಷ್ಟು ಹೇಳಿ ಗೋಡೆಯ ಬದಿಗೆ ಬಂದು ನಮ್ಮ ಸಾಲಿನಲ್ಲಿ ನಿಂತ. ನಾವು ಸ್ವಲ್ಪ ಸರಿದು ಜಾಗ ಕೊಟ್ಟೆವು. ಸ್ವಲ್ಪವೇ. ಅವನನ್ನು ದೊಡ್ಡ ಮನುಷ್ಯ ಮಾಡುವ ಇರಾದೆ ನನಗಿಲ್ಲ. ಹಸಿರು ಬೋರ್ಡು ಇನ್ನೂ ಅವನ ಮನೆಯ ಮುಂದೆ ನೇತಾಡುತ್ತಿದೆ.

ಆ ದಿನ ಸಭೆಯಲ್ಲಿ ಕೂತದ್ದು ಸಿಂಬೆಗಳು, ನಿಂತದ್ದು ಸದಸ್ಯರು. ಮುಖ್ಯಾಧಿಕಾರಿ ಅಭ್ಯಾಸಬಲದಿಂದ ಕರೆಗಂಟೆ ಒತ್ತಲು ಹೋಗಿ ಕೈ ಹಿಂದೆ ಎಳೆದುಕೊಂಡರು. ಅತ್ತೆ ಆಕ್ಷೇಪಣೆ ಹೇಳಿದಳು. ಕುರ್ಚಿಯ ಬೆನ್ನಿಗೆ ಒಂದು ಕೈಯಿಟ್ಟು, ಊದಿದ ಕಾಲನ್ನು ಸಡಿಲ ಬಿಟ್ಟು, ಅವಸರವಿಲ್ಲದೆ ಹೇಳಿದಳು.

"ನಾವು ಮರ ಬಿಟ್ಟು ಹೋಗೂದಿಲ್ಲ. ಆ ಕಟ್ಟೆ ಮೇಲೆ ಹತ್ತೂದಿಲ್ಲ. ಕಸದ ಬುಡದಾಗೆ ಕೂತು ಮಾರೂದಿಲ್ಲ. ನಾವು ನಾರತೇವು, ಹೌದು. ಬೆಳಗಿಂದ ಬೆನ್ನು ಬಗ್ಗಿಸಿ ಕೆಲಸ ಮಾಡ್ದವರೆಲ್ಲ ನಾರತಾರೆ. ನಿಮ್ಮ ಹಿಂಬಾಗಲಲ್ಲಿ ನಾರದ ಮೀನು ಮುಂಬಾಗಲಲ್ಲಿ ಎಂತಕೆ ನಾರತದೆ? ನಮ್ಮ ಸಮಿತಿಗೆ ಬುಟ್ಟಿ ಹೊತ್ತ ತಲೆ ಹಾಕಿ. ತಲೆ ಬೋಳಾಗಿರ್ಬೇಕು, ಮುಟ್ಟಿ ನೋಡಿ ಹಾಕಿ. ಇಷ್ಟೇ."

ಹೇಳಿ ಮುಗಿಸಿ, ತಲೆ ಬಗ್ಗಿಸಿ, ನೆತ್ತಿಯನ್ನು ತುಳಸಿದಾಸರಿಗೆ ತೋರಿಸಿದಳು. ಅವರು ಗೋಡೆಯ ಗಡಿಯಾರ ನೋಡಿದರು. ನಿಂತು ನಿಂತು ಅವರ ಕಾಲೂ ನೋಯುತ್ತಿತ್ತು. ದಿನವಿಡೀ ನಿಂತು ಅಭ್ಯಾಸ ಇದ್ದವರು ಆ ಕೋಣೆಯಲ್ಲಿ ನಾವು ಮಾತ್ರ. ಕೊನೆಗೆ ಮುಖ್ಯಾಧಿಕಾರಿ ಬಗ್ಗಿ ಮೇಜಿನ ಮೂಲೆಯಲ್ಲಿ ಪುಸ್ತಕ ಇಟ್ಟು ಬರೆದರು: ಠರಾವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ. ಜನ ಚಪ್ಪಾಳೆ ತಟ್ಟಿದರು. ದಮಯಂತಿ ಇನ್ನೊಮ್ಮೆ ಎದೆ ಬಡಿದುಕೊಂಡು, ಈ ಸಲ ಠರಾವಿಗಾಗಿ, ಎರಡು ಸಾಲು ಅತ್ತಳು.

ಗೆದ್ದೆವು ಎಂದು ನಾನು ಹೇಳುವುದಿಲ್ಲ. ಮುಂದೂಡಿದ್ದು ಸತ್ತದ್ದಲ್ಲ. ಮತ್ತೆ ತರುತ್ತಾರೆ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಈಗಲೂ ನಮ್ಮ ಕೈ ಬುಟ್ಟಿಯ ಮೇಲೆ ಹೋಗುತ್ತದೆ. ಆದರೆ ಆ ದಿನ ಮೆಟ್ಟಿಲು ಇಳಿಯುವಾಗ ನಮಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ನಮ್ಮ ನಮ್ಮ ಸಿಂಬೆ ಎತ್ತಿಕೊಂಡು ಬಂದಿದ್ದೆವು. ಗೇಟಿನಲ್ಲಿ ಬುಟ್ಟಿಗಳು ಕಾದಿದ್ದವು, ಮೀನು ಅರ್ಧ ಮೆತ್ತಗಾಗಿತ್ತು.

ಅತ್ತೆಯ ಬುಟ್ಟಿಯನ್ನು ತಲೆಗೆ ಏರಿಸಲು ಎತ್ತಿದೆ. ಅವಳು ಸೆರಗಿನ ತುದಿಯನ್ನು ಮಡಚಿ ನೆತ್ತಿಯ ಮೇಲೆ ಇಟ್ಟುಕೊಂಡಳು. ಆಗ ಗೊತ್ತಾಯಿತು, ಅವಳ ಕೈ ಖಾಲಿ.

"ಅತ್ತೇ! ಸಿಂಬೆ ಮೇಲೇ ಬಿಟ್ಟು ಬಂದ್ರಿ. ತಡೀರಿ, ನೀವೇ ಹೋಗಿ ತನ್ನಿ, ನಾ ಬುಟ್ಟಿ ಹಿಡ್ಕಂಡಿರ್ತೆ."

"ಏರಿಸು ಬುಟ್ಟಿ" ಎಂದಳು ಅತ್ತೆ. "ಅದು ಅಲ್ಲೇ ಇರಲಿ. ಬರೂ ತಿಂಗಳೂ ಮೀಟಿಂಗ್ ಅದೆ."